ಕಕ್ಕಿದ ಹಾಲಿನ ಲೆಕ್ಕ

ನನ್ನ ಫೋನಿನಲ್ಲಿ ವಿಚಿತ್ರವಾದ ಒಂದು ಫೋಟೋ ಸಂಗ್ರಹವಿದೆ. ಎಲ್ಲವೂ ಬೇರೆಯವರು ಕಳಿಸಿದವು. ಒದ್ದೆಯಾದ ಹೆಗಲು, ನೆನೆದ ದುಪ್ಪಟ್ಟಾ, ಹಾಸಿಗೆಯ ಮೇಲೆ ಬೆಳ್ಳಗೆ ಹರಡಿದ ಕಲೆ, ಕಲೆಯ ಗಾತ್ರ ತಿಳಿಯಲೆಂದು ಪಕ್ಕದಲ್ಲೇ ಇಟ್ಟ ಅಂಗೈ. ಕೆಳಗೆ ಒಂದೇ ಸಾಲು: "ಅಕ್ಕಾ, ಇಷ್ಟೊಂದು ಕಕ್ಕಿದೆ, ಏನೂ ಆಗಲ್ಲ ತಾನೆ?" ಹೊತ್ತು ನೋಡಿದರೆ ಹೆಚ್ಚಿನವು ನಡುರಾತ್ರಿಯವು. ನನ್ನ ಎರಡನೆಯ ಮಗ ಕಕ್ಕುವುದರಲ್ಲಿ ಬಳಗದಲ್ಲೆಲ್ಲ ಹೆಸರು ಮಾಡಿದವನು. ಆ ಕೀರ್ತಿ ನನಗೂ ಅಂಟಿಕೊಂಡು, ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೂರನೇ ವಾರಕ್ಕೆಲ್ಲ ನನ್ನ ನಂಬರು ಅವರ ಕೈ ಸೇರಿರುತ್ತದೆ. ನಾನು ಡಾಕ್ಟರಲ್ಲ. ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಅನ್ನುವ ಹಂತದಲ್ಲಿ ಜನ ಕೇಳುವವಳು, ಅಷ್ಟೇ.

ಈ ಫೋಟೋಗಳನ್ನು ನೋಡುತ್ತಾ ನೋಡುತ್ತಾ ಒಂದು ವಿಷಯ ಕಾಡತೊಡಗಿತು. ಒಂದರಲ್ಲೂ ಮಗು ಇರುವುದಿಲ್ಲ. ಹಾಲು ಎಷ್ಟು ದೂರ ಹರಡಿದೆ, ಎಷ್ಟು ಗಟ್ಟಿಯಾಗಿದೆ, ಮೊಸರಾಗಿದೆಯೋ ನೀರಾಗಿದೆಯೋ ಎಲ್ಲ ಕಾಣುತ್ತದೆ. ಕಕ್ಕಿದ ಕೂಸು ಆಗ ಏನು ಮಾಡುತ್ತಿತ್ತು? ಅತ್ತಿತೇ, ನಕ್ಕಿತೇ, ಮತ್ತೆ ಹಾಲಿಗೆ ಬಾಯಿ ಹಾಕಿತೇ, ನಿದ್ದೆ ಹೋಯಿತೇ? ಅದನ್ನು ನಾನೇ ಕೇಳಿ ತಿಳಿಯಬೇಕು. ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಬರುವ ಉತ್ತರ, "ಅದೇನೋ ಆರಾಮಾಗಿದೆ, ಆಡ್ತಾ ಇದೆ, ಆದ್ರೆ ಇಷ್ಟೊಂದು..." ಆ 'ಆದ್ರೆ'ಯ ಮುಂದೆ ಇರುವುದು ಬಟ್ಟೆ. ಹಿಂದೆ ಇರುವುದು ಮಗು. ನಾವು ನೋಡಬೇಕಾದದ್ದು ಹಿಂದಿನದನ್ನು ಎಂದು ನನಗೆ ದಿನದಿನಕ್ಕೂ ಗಟ್ಟಿಯಾಗುತ್ತಿದೆ.

ಅರ್ಧ ಲೋಟ ಎಂದರೆ ಎಷ್ಟು

ಮಗನಿಗೆ ಎರಡು ತಿಂಗಳಿರುವಾಗ ನಾನೊಂದು ಪುಸ್ತಕ ಇಟ್ಟಿದ್ದೆ. ಯಾವ ಹೊತ್ತಿಗೆ ಹಾಲು ಕೊಟ್ಟೆ, ಯಾವ ಹೊತ್ತಿಗೆ ಕಕ್ಕಿದ, ಎಷ್ಟು ಕಕ್ಕಿದ. ಈ 'ಎಷ್ಟು' ಅನ್ನುವ ಕಾಲಂ ತುಂಬುತ್ತಿದ್ದವರು ನನ್ನ ಯಜಮಾನರು. ಲೆಕ್ಕಪತ್ರದ ಮನುಷ್ಯ, ಅಂದಾಜಿಗೂ ಅಂಕಿ ಬೇಕು. ಕಾಲು ಲೋಟ, ಅರ್ಧ ಲೋಟ, ಒಂದು ಕಡೆ 'ಮುಕ್ಕಾಲು, ಬಹುಶಃ ಜಾಸ್ತಿ' ಅಂತಲೂ ಇತ್ತು. ಕೂಡಿಸಿ ನೋಡಿದರೆ ಕುಡಿದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು.

ಮಕ್ಕಳ ಡಾಕ್ಟರಮ್ಮ ಪುಸ್ತಕವನ್ನು ತಾಳ್ಮೆಯಿಂದ ಓದಿದರು. ಆಮೇಲೆ ಮೇಜಿನ ಮೇಲಿದ್ದ ಸಿರಪ್ ಬಾಟಲಿಯ ಅಳತೆಯ ಮುಚ್ಚಳ ತೆಗೆದು, ಅದರಲ್ಲಿ 10 ಎಂಎಲ್ ಗೆರೆಯ ತನಕ ನೀರು ತುಂಬಿ, ನನ್ನ ಹೆಗಲ ಮೇಲಿದ್ದ ಒಣ ಬಟ್ಟೆಯನ್ನು ಕೇಳಿ ತೆಗೆದುಕೊಂಡು ಮೇಜಿನ ಮೇಲೆ ಹಾಸಿ, ನೀರನ್ನು ನಿಧಾನಕ್ಕೆ ಸುರಿದರು. ನೀರು ಮೊದಲು ಗುಳ್ಳೆಯ ಹಾಗೆ ನಿಂತು, ಆಮೇಲೆ ನೂಲಿನೊಳಕ್ಕೆ ಇಳಿದು, ಅಂಚು ಅಂಚಾಗಿ ಹರಡುತ್ತಾ ಹೋಯಿತು. ನಿಲ್ಲುವ ಹೊತ್ತಿಗೆ ನನ್ನ ಅಂಗೈಗಿಂತ ಅಗಲದ ಕಲೆ. "ಎಷ್ಟಿದೆ ಹೇಳಿ ಸರ್?" ಅಂದರು. ಇವರು ಸ್ವಲ್ಪ ಹೊತ್ತು ನೋಡಿ, "ಕಾಲು ಲೋಟದ ಹತ್ತಿರ ಹತ್ತಿರ ಅಂತ ಬರೀತಿದ್ದೆ" ಅಂದರು. ಎರಡು ಟೀ ಚಮಚ ನೀರು ಅದು. ಡಾಕ್ಟರಮ್ಮ ನಗಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ. ಮಗುವಿನ ಬಟ್ಟೆ ಬಿಚ್ಚಿಸಿ ತಕ್ಕಡಿಯ ಮೇಲೆ ಮಲಗಿಸಿ, ತೂಕದ ಚಾರ್ಟಿನಲ್ಲಿ ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗಳಿಗೆ ಗೆರೆ ಸೇರಿಸಿ ನಮ್ಮ ಕಡೆ ತಿರುಗಿಸಿದರು. ಗೆರೆ ಮೇಲಕ್ಕೇ ಹೋಗುತ್ತಿತ್ತು.

ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸು ಬಂದು, ಅಲ್ಲಿಂದ ಈ ಓಟ ಶುರು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಒಳಗೆ ಸೇರುತ್ತಿದೆ ಎಂದೇ ಅರ್ಥ. ಹೊರಗೆ ಬಂದದ್ದನ್ನು ಅಳೆಯುವ ಸಾಧನ ಯಾರ ಮನೆಯಲ್ಲೂ ಇಲ್ಲ. ಒಳಗೆ ಉಳಿದದ್ದನ್ನು ತಕ್ಕಡಿ, ಒದ್ದೆ ಲಂಗೋಟಿ ಎರಡೂ ಹೇಳುತ್ತವೆ. ಆ ಪುಸ್ತಕದ 'ಎಷ್ಟು' ಕಾಲಂ ಅವತ್ತಿಗೇ ಮುಗಿಯಿತು. ಯಜಮಾನರು ಒದ್ದೆ ಲಂಗೋಟಿ ಎಣಿಸುವುದಕ್ಕೆ ಬಡ್ತಿ ಪಡೆದರು.

ಹಾಲು ಯಾಕೆ ಹಿಂದಕ್ಕೆ ಬರುತ್ತದೆ

ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಒಂದು ಸ್ನಾಯುವಿನ ಬಳೆಯಿದೆ. ನುಂಗಿದಾಗ ಸಡಿಲವಾಗಿ, ಉಳಿದ ಹೊತ್ತು ಬಿಗಿಯಾಗಿ ಮುಚ್ಚಿಕೊಂಡಿರುವುದು ಅದರ ಕೆಲಸ. ಆದರೆ ಹೊಟ್ಟೆ ಉಬ್ಬಿದಾಗ, ಒಳಗಿನ ಗಾಳಿ ಹೊರಹೋಗಲೆಂದು, ನುಂಗದೆ ಇದ್ದಾಗಲೂ ಅದು ಕೆಲವು ಸೆಕೆಂಡು ಸಡಿಲಗೊಳ್ಳುತ್ತದೆ. ತೇಗು ಬರುವುದೇ ಹಾಗೆ. ಇದು ನಿಮ್ಮಲ್ಲೂ ನನ್ನಲ್ಲೂ ಊಟವಾದ ಮೇಲೆ ಎಷ್ಟೋ ಸಲ ನಡೆಯುತ್ತದೆ. ನಾವು ಕೂತಿರುತ್ತೇವೆ ಇಲ್ಲವೇ ನಿಂತಿರುತ್ತೇವೆ, ಗಾಳಿ ಮೇಲಿರುತ್ತದೆ, ಊಟ ಕೆಳಗಿರುತ್ತದೆ, ಬಳೆ ತೆರೆದರೆ ಗಾಳಿ ಮಾತ್ರ ಹೋಗುತ್ತದೆ. ಎಳೆಗೂಸು ಅಂಗಾತ ಮಲಗಿರುತ್ತದೆ, ಹೊಟ್ಟೆಯಲ್ಲಿರುವುದೆಲ್ಲ ದ್ರವ, ಆ ದ್ರವ ಬಳೆಯ ಬಾಯಿಗೇ ಬಂದು ನಿಂತಿರುತ್ತದೆ. ಮುಚ್ಚಳ ಸಡಿಲವಾದ ಬಾಟಲಿಯನ್ನು ಅಡ್ಡ ಮಲಗಿಸಿದ ಹಾಗೆ.

ಮೇಲಿಂದ ಪ್ರಮಾಣ ಬೇರೆ. ಮಗು ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 150 ಎಂಎಲ್ ಹಾಲು ಕುಡಿಯುತ್ತದೆ. 70 ಕಿಲೋ ತೂಗುವ ದೊಡ್ಡವರು ಅದೇ ಲೆಕ್ಕದಲ್ಲಿ ಕುಡಿದರೆ ದಿನಕ್ಕೆ ಹತ್ತು ಲೀಟರು ದಾಟುತ್ತದೆ. ಅಷ್ಟು ಹಾಲು ಕುಡಿದು, ಮಲಗಿ, ಯಾರೋ ನಮ್ಮನ್ನು ಎತ್ತಿ ಲಂಗೋಟಿ ಬದಲಿಸಲು ಮೊಣಕಾಲನ್ನು ಹೊಟ್ಟೆಗೆ ಒತ್ತಿದರೆ ನಾವೂ ಮರ್ಯಾದೆ ಉಳಿಸಿಕೊಳ್ಳಲಾರೆವು. ಹುಟ್ಟಿದ ಮಗುವಿನ ಅನ್ನನಾಳದ ಉದ್ದವೇ ಹತ್ತು ಸೆಂಟಿಮೀಟರಿನ ಒಳಗೆ. ದೊಡ್ಡವರಲ್ಲಾದರೆ ಮೇಲೆ ಬಂದದ್ದು ಅರ್ಧ ದಾರಿಯಲ್ಲೇ ಮತ್ತೆ ಕೆಳಗಿಳಿಯುತ್ತದೆ. ಕೂಸಿನಲ್ಲಿ ಅರ್ಧ ದಾರಿ ಅನ್ನುವುದೇ ಇಲ್ಲ, ನೇರ ನಿಮ್ಮ ಹೆಗಲಿಗೆ.

ಕಕ್ಕಿದ ಹಾಲು ಮೊಸರುಮೊಸರಾಗಿ ಬಂದರೆ ಹೆದರುವವರು ಬಹಳ. ಹಾಲು ಜಠರದಲ್ಲಿ ಸ್ವಲ್ಪ ಹೊತ್ತು ಇತ್ತು, ಅಲ್ಲಿನ ಆಮ್ಲ ಮತ್ತು ಕಿಣ್ವ ಅದನ್ನು ಒಡೆಸಿದವು, ಅಷ್ಟೇ ವಿಷಯ. ಕುಡಿದ ಕೂಡಲೇ ಬಂದರೆ ಹಾಲಿನ ಹಾಗೆಯೇ ಇರುತ್ತದೆ, ತಡವಾಗಿ ಬಂದರೆ ಒಡೆದಿರುತ್ತದೆ. 'ಹಾಲು ಕೆಟ್ಟಿದೆ' ಎಂದು ತಾಯಿಯ ಎದೆಹಾಲಿನ ಮೇಲೆ ಅಪವಾದ ಹೊರಿಸುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವಳ ಹಾಲು ಕೆಡಲಿಲ್ಲ, ಜೀರ್ಣವಾಗತೊಡಗಿತು.

ಎಷ್ಟು ಸಾಮಾನ್ಯ ಅಂದರೆ, 1997ರಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಮೂರು ತಿಂಗಳ ಒಳಗಿನ ಅರ್ಧದಷ್ಟು ಮಕ್ಕಳು ದಿನಕ್ಕೆ ಒಂದು ಸಲವಾದರೂ ಕಕ್ಕುತ್ತಿದ್ದರು. ನಾಲ್ಕನೇ ತಿಂಗಳಲ್ಲಿ ಅದು ಶೇಕಡಾ 67ಕ್ಕೆ ಏರಿತ್ತು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಶೇಕಡಾ 5. ಈ ನಾಲ್ಕನೇ ತಿಂಗಳ ಏರಿಕೆಯನ್ನು ಮೊದಲೇ ಯಾರೂ ಹೇಳುವುದಿಲ್ಲ. ಎರಡನೇ ತಿಂಗಳಲ್ಲಿ 'ದೊಡ್ಡವನಾದ ಹಾಗೆ ಕಡಿಮೆಯಾಗುತ್ತೆ' ಎಂದು ಸಮಾಧಾನ ಮಾಡಿ ಕಳಿಸುತ್ತಾರೆ. ಮನೆಗೆ ಬಂದು ನೋಡಿದರೆ ಮುಂದಿನ ತಿಂಗಳು ಹೆಚ್ಚಾಗುತ್ತದೆ, ಅದರ ಮುಂದಿನ ತಿಂಗಳು ಇನ್ನೂ ಹೆಚ್ಚು. ತಾಯಂದಿರು ನಿಜಕ್ಕೂ ಧೈರ್ಯಗೆಡುವುದು ಅಲ್ಲಿ.

ಏನಾದರೂ ಮಾಡಲೇಬೇಕು ಎನ್ನುವ ತುರಿಕೆ

ಸುಮ್ಮನಿರುವುದು ಕಷ್ಟ. ಮಗು ಕಕ್ಕುತ್ತಿದೆ, ನೀವು ಬರೀ ಒರೆಸುತ್ತಿದ್ದೀರಿ ಅಂದರೆ ನೋಡುವವರ ಕಣ್ಣಿಗೆ ಅದು ಅಸಡ್ಡೆ. ಹಾಗಾಗಿ ಒಂದೊಂದೇ ಉಪಾಯ ಶುರುವಾಗುತ್ತದೆ. ತೇಗಿಸುವುದನ್ನೇ ನೋಡಿ. ಬೆನ್ನು ತಟ್ಟಿ ತೇಗು ಬರಿಸಿದರೆ ಕಕ್ಕುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಚಂಡೀಗಢದಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. 71 ತಾಯಿ-ಮಗು ಜೋಡಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ತೇಗಿಸುವುದನ್ನು ಕಲಿಸಿ, ಮೂರು ತಿಂಗಳು ಗಮನಿಸಿದರು. 2015ರಲ್ಲಿ ಅಚ್ಚಾದ ಆ ವರದಿಯ ಪ್ರಕಾರ, ತೇಗಿಸಿದ ಮಕ್ಕಳು ಅಳುವುದೇನೂ ಕಡಿಮೆಯಾಗಲಿಲ್ಲ, ಕಕ್ಕುವುದು ಹೆಚ್ಚೇ ಆಗಿತ್ತು. ಸಣ್ಣ ಅಧ್ಯಯನ, ಅದೊಂದನ್ನೇ ಹಿಡಿದು ತೇಗಿಸಬೇಡಿ ಎಂದು ನಾನು ಹೇಳಲಾರೆ. ತೇಗು ಬಾರದೆ ಮಗು ಮಲಗಿಬಿಟ್ಟರೆ ಅದನ್ನು ಎಬ್ಬಿಸಿ ತಟ್ಟುತ್ತಾ ಕೂರುವ ಅಗತ್ಯವಿಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಕುಡಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಎದೆಗೊರಗಿಸಿ ನೆಟ್ಟಗೆ ಹಿಡಿದುಕೊಳ್ಳುವುದು, ಒಂದೇ ಸಲ ತುಂಬ ಕುಡಿಸುವ ಬದಲು ಸ್ವಲ್ಪ ಸ್ವಲ್ಪ ಹಲವು ಸಲ ಕೊಡುವುದು, ಬಾಟಲಿಯಾದರೆ ಖಾಲಿ ಮಾಡಿಸಲೇಬೇಕು ಎಂಬ ಹಟ ಬಿಡುವುದು, ಕುಡಿದ ಕೂಡಲೇ ಕುಣಿಸದೆ ಇರುವುದು, ಲಂಗೋಟಿಯನ್ನು ಹೊಟ್ಟೆಗೆ ಬಿಗಿಯಾಗಿ ಕಟ್ಟದೆ ಇರುವುದು. ಇವೆಲ್ಲ ಕೆಲವರಿಗೆ ಸ್ವಲ್ಪ ಕೆಲಸ ಮಾಡುತ್ತವೆ, ನಷ್ಟವಂತೂ ಇಲ್ಲ. ನೆಟ್ಟಗೆ ಎಂದರೆ ಕುರ್ಚಿಯಂಥ ಸೀಟಿನಲ್ಲಿ ಕೂರಿಸುವುದಲ್ಲ. ಎಳೆಗೂಸು ಅದರಲ್ಲಿ ಕುಸಿದು ಮಡಚಿಕೊಳ್ಳುತ್ತದೆ, ಹೊಟ್ಟೆ ಒತ್ತಿಕೊಂಡು ಕಕ್ಕುವುದು ಇನ್ನೂ ಹೆಚ್ಚುತ್ತದೆ. ಹಾಲನ್ನು ಗಟ್ಟಿ ಮಾಡಿ ಕೊಡುವುದು ಇನ್ನೊಂದು ಉಪಾಯ. ಹೊರಗೆ ಬರುವುದು ಕಡಿಮೆಯಾಗುತ್ತದೆ, ನಿಜ. ಆದರೆ ಒಳಗೆ ಅನ್ನನಾಳಕ್ಕೆ ಏರುವುದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಇದನ್ನು ಡಾಕ್ಟರನ್ನು ಕೇಳದೆ ಮಾಡಬಾರದು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗಂತೂ ಮಾಡಲೇಬಾರದು.

ನನಗೆ ನಿಜಕ್ಕೂ ಭಯ ಹುಟ್ಟಿಸುವ ಉಪಾಯ ಎಂದರೆ ಮಲಗಿಸುವ ರೀತಿ ಬದಲಿಸುವುದು. 'ಅಂಗಾತ ಮಲಗಿಸಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕೀತು' ಎಂದು ಬೋರಲು ಮಲಗಿಸುವವರಿದ್ದಾರೆ, ತಲೆಯಡಿ ದಿಂಬು ಪೇರಿಸುವವರಿದ್ದಾರೆ. ನಡೆಯುವುದು ಇದರ ತಿರುಗುಮುರುಗು. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗೆ. ಕಕ್ಕಿದ್ದು ಉಸಿರಿನ ದಾರಿಗೆ ಹೋಗಬೇಕಾದರೆ ಏರು ಹತ್ತಬೇಕು. ಬೋರಲಾದಾಗ ಇದೇ ತಲೆಕೆಳಗಾಗಿ ಉಸಿರಿನ ದಾರಿ ಕೆಳಗೆ ಬರುತ್ತದೆ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮೇಲೆ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಎಳೆಮಕ್ಕಳ ಪ್ರಮಾಣ ಕೆಲವೇ ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿಯಿತು. ಗಂಟಲಿಗೆ ಸಿಕ್ಕಿ ಸಾಯುವುದು ಹೆಚ್ಚಾಗಲಿಲ್ಲ. ಕಕ್ಕುವ ಮಗುವಿಗೂ ಸಮತಟ್ಟಾದ ಗಟ್ಟಿ ಹಾಸಿಗೆ, ಅಂಗಾತ, ದಿಂಬಿಲ್ಲ.

ಇನ್ನು ಔಷಧ. ಹೆಗಲು ಒದ್ದೆಯಾದರೆ ಆಸಿಡಿಟಿ ಎಂದು ಹನಿ ಬರೆಸಿಕೊಂಡು ಬರುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಲು ತುಂಬಿದ ಹೊಟ್ಟೆಯಲ್ಲಿ ಆಮ್ಲದ ಹುಳಿಯನ್ನು ಹಾಲೇ ಬಹಳ ಹೊತ್ತು ತಗ್ಗಿಸಿರುತ್ತದೆ. ಕುಡಿದ ಸ್ವಲ್ಪ ಹೊತ್ತಿಗೆ ಮೇಲೆ ಬರುವುದರಲ್ಲಿ ಸುಡುವಂಥದ್ದು ಅಷ್ಟೇನೂ ಇರುವುದಿಲ್ಲ. ಅದೂ ಅಲ್ಲದೆ ಆಮ್ಲ ಕಡಿಮೆ ಮಾಡುವ ಔಷಧ ಕಕ್ಕುವುದನ್ನು ನಿಲ್ಲಿಸುವುದಿಲ್ಲ, ಬರುವ ಹಾಲಿನ ಹುಳಿಯನ್ನಷ್ಟೇ ಕಡಿಮೆ ಮಾಡುತ್ತದೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 162 ಮಕ್ಕಳಿಗೆ ಲ್ಯಾನ್ಸೊಪ್ರಜೋಲ್ ಅಥವಾ ಔಷಧವೇ ಇಲ್ಲದ ಹುಸಿಮದ್ದು ಕೊಟ್ಟು ನೋಡಿದರು. ಎರಡೂ ಗುಂಪಿನಲ್ಲಿ ಶೇಕಡಾ 54ರಷ್ಟು ಮಕ್ಕಳು ಸುಧಾರಿಸಿದರು. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಶ್ವಾಸಕೋಶದ ಸೋಂಕಿನಂಥ ಗಂಭೀರ ತೊಂದರೆ ಮಾತ್ರ ಔಷಧ ಪಡೆದವರಲ್ಲೇ ಹೆಚ್ಚು ಕಂಡವು. ಹುಸಿಮದ್ದು ಪಡೆದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುಧಾರಿಸಿದ್ದನ್ನು ಓದಿದಾಗ ನನಗೆ ಅನ್ನಿಸಿದ್ದು: ಹನಿ ಹಾಕಿದ ತಾಯಿ ಹನಿಯಿಂದಲೇ ವಾಸಿಯಾಯಿತು ಎನ್ನುತ್ತಾಳೆ, ಇನ್ನೊಬ್ಬಳಿಗೂ ಹೇಳುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ, ಮಗು ವಾಸಿಯಾದದ್ದು ನಿಜವೇ.

ಅನ್ನನಾಳಕ್ಕೆ ಗಾಯವಾಗಿ ಔಷಧ ಬೇಕೇ ಬೇಕಾಗುವ ಮಕ್ಕಳಿದ್ದಾರೆ. ಹಸುವಿನ ಹಾಲಿನ ಪ್ರೊಟೀನು ಒಗ್ಗದೆ, ಮಲದಲ್ಲಿ ರಕ್ತದೆಳೆ, ಮೈಮೇಲೆ ಗಂದೆ ಎಲ್ಲ ಸೇರಿ ಬರುವವರಿದ್ದಾರೆ. ಅಂಥ ಅನುಮಾನ ಬಂದರೆ ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥ ಬಿಟ್ಟು ನೋಡುವಂತೆ ಡಾಕ್ಟರು ಹೇಳುವುದುಂಟು. ಅದು ಕಾರಣವಿಟ್ಟು ಮಾಡುವ ಪರೀಕ್ಷೆ. ಕಕ್ಕಿದ ಪ್ರತಿ ಮಗುವಿನ ತಾಯಿಯ ತಟ್ಟೆಯಿಂದ ಒಂದೊಂದೇ ಪದಾರ್ಥ ಎತ್ತುತ್ತಾ ಹೋಗುವುದು ಬೇರೆ. ಹಸಿದ ಬಾಣಂತಿಯನ್ನು ಇನ್ನಷ್ಟು ಹಸಿವಿಗೆ ದೂಡುವುದಕ್ಕೆ ಅದು ಒಳ್ಳೆಯ ದಾರಿ, ಮಗುವಿಗೆ ಏನೂ ಆಗುವುದಿಲ್ಲ.

ಚಿಮ್ಮಿದಾಗ

ಇಷ್ಟು ಹೇಳಿ 'ಎಲ್ಲ ಮಕ್ಕಳೂ ಕಕ್ಕುತ್ತವೆ' ಎಂದು ಮುಗಿಸಿದರೆ ನಮ್ಮ ಅತ್ತಿಗೆಯ ಮಗನಿಗೆ ಅನ್ಯಾಯವಾಗುತ್ತದೆ.

ಅವನಿಗೆ ಐದನೇ ವಾರ. ಅತ್ತಿಗೆ ಫೋಟೋ ಕಳಿಸಲಿಲ್ಲ, ಫೋನ್ ಮಾಡಿದರು. "ಇದು ನಿನ್ನ ಮಗನ ಥರ ಅಲ್ಲ ಕಣೇ, ಬಂದು ನೋಡು." ಹೋದೆ. ಹಾಲು ಕುಡಿದು ಹತ್ತು ನಿಮಿಷಕ್ಕೆ ಕೂಸಿನ ಮುಖ ಗಂಟಿಕ್ಕಿತು, ಕಾಲು ಮಡಚಿಕೊಂಡ, ಆಮೇಲೆ ಹಾಲು ಅವನ ಬಾಯಿಂದ ಇಳಿಯಲಿಲ್ಲ, ಹಾರಿತು. ಅತ್ತಿಗೆಯ ಹೆಗಲು ದಾಟಿ ಹಿಂದಿದ್ದ ಗೋಡೆಗೆ. ನನ್ನ ಮಗ ಎಷ್ಟೇ ಕಕ್ಕಿದರೂ ಅದು ಗಲ್ಲದ ಮೇಲಿಂದ ಸೋರಿ ಇಳಿಯುತ್ತಿತ್ತು, ಅವನಿಗೇ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಇಡೀ ಮೈ ಕೆಲಸ ಮಾಡಿತ್ತು. ಚಿಮ್ಮಿ ಮುಗಿದ ಮರುಕ್ಷಣವೇ ಅವನು ಮತ್ತೆ ಬಾಯಿ ಹುಡುಕತೊಡಗಿದ, ಏನೂ ಕುಡಿದೇ ಇಲ್ಲವೆನ್ನುವ ಹಸಿವು. ತೊಡೆಯ ಚರ್ಮ ಸಡಿಲವಾಗಿ ಸುಕ್ಕುಗಟ್ಟಿತ್ತು. ಬೆಳಗಿನಿಂದ ಎರಡೇ ಸಲ ಉಚ್ಚೆ ಹೊಯ್ದಿದ್ದ. ಕಲೆಯ ಅಳತೆ ಯಾರಿಗೂ ಬೇಕಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹಾಲು ಕುಡಿಸಲು ಹೇಳಿ, ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಬೆಳಕು ಓರೆಯಾಗಿ ಬೀಳುವಂತೆ ಕೂತು ಸುಮ್ಮನೆ ನೋಡಿದರು. ಎಡಗಡೆಯ ಪಕ್ಕೆಲುಬಿನ ಕೆಳಗಿಂದ ಬಲಕ್ಕೆ, ಚರ್ಮದಡಿಯಲ್ಲಿ ಒಂದು ಅಲೆ ನಿಧಾನಕ್ಕೆ ಸಾಗಿದ್ದು ನನಗೂ ಕಂಡಿತು. ಜಠರ ಮುಚ್ಚಿದ ಬಾಗಿಲನ್ನು ತಳ್ಳುತ್ತಿತ್ತು. ಜಠರದಿಂದ ಕರುಳಿಗೆ ಹೋಗುವ ದಾರಿಯ ಸ್ನಾಯು ದಪ್ಪಗಾಗಿ ಹಾಲು ಕೆಳಗೆ ಇಳಿಯದ ಸ್ಥಿತಿ, ಪೈಲೋರಿಕ್ ಸ್ಟೆನೋಸಿಸ್. ಸಾಮಾನ್ಯವಾಗಿ ಮೂರರಿಂದ ಆರು ವಾರದ ನಡುವೆ ಕಾಣಿಸಿಕೊಳ್ಳುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು, ಅದರಲ್ಲೂ ಚೊಚ್ಚಲಿನಲ್ಲಿ. ಅಲ್ಟ್ರಾಸೌಂಡಿನಲ್ಲಿ ಖಚಿತವಾಯಿತು. ಮೊದಲು ಡ್ರಿಪ್ ಹಾಕಿ ರಕ್ತದಲ್ಲಿನ ಲವಣಗಳನ್ನು ಸರಿಮಾಡಿ, ಆಮೇಲೆ ಆಪರೇಷನ್. ದಪ್ಪಗಾದ ಸ್ನಾಯುವನ್ನು ಉದ್ದಕ್ಕೆ ಸೀಳಿ, ಒಳಪೊರೆಗೆ ತಾಕದಂತೆ ಹರವಿ ಬಿಡುತ್ತಾರೆ. ಡೆನ್ಮಾರ್ಕಿನ ಹಿರ್ಷ್‌ಸ್ಪ್ರುಂಗ್ 1880ರ ದಶಕದಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದ್ದರು. ಆಗ ಅದು ಬಂದ ಮಕ್ಕಳಲ್ಲಿ ಬಹುಪಾಲು ಉಳಿಯುತ್ತಿರಲಿಲ್ಲ. ಜರ್ಮನಿಯ ರಾಮ್‌ಸ್ಟೆಟ್ ಈ ಸೀಳಿ ಬಿಡುವ ವಿಧಾನವನ್ನು 1912ರಲ್ಲಿ ಪ್ರಕಟಿಸಿದರು, ಇವತ್ತಿಗೂ ಮೂಲತಃ ಅದೇ. ಅತ್ತಿಗೆಯ ಮಗ ಮರುದಿನವೇ ಹಾಲು ಕುಡಿದ. ಆಪರೇಷನ್ ಆದಮೇಲೆ ಸ್ವಲ್ಪ ಕಕ್ಕಿದ ಕೂಡ. ಅದನ್ನು ಕಂಡು ಅತ್ತಿಗೆ ನಕ್ಕರು. ಸೋರಿ ಬಂದಿತ್ತು, ಹಾರಿರಲಿಲ್ಲ.

ಹಾಗಾಗಿ ನನ್ನನ್ನು ಕೇಳುವವರಿಗೆ ಪ್ರಮಾಣ ಬಿಟ್ಟು ಬೇರೆಯದನ್ನು ನೋಡಲು ಹೇಳುತ್ತೇನೆ. ಮೊದಲು ಬಣ್ಣ. ಹಸಿರು ಬಂದರೆ ಬೆಳಗಾಗಲಿ ಎಂದು ಕಾಯಬಾರದು, ಅದು ಪಿತ್ತ, ಕರುಳು ಎಲ್ಲೋ ಕಟ್ಟಿಕೊಂಡಿರಬಹುದು, ಗಂಟೆಗಳ ಲೆಕ್ಕದಲ್ಲಿ ಅಪಾಯ. ರಕ್ತ ಅಥವಾ ಕಾಫಿ ಪುಡಿಯಂಥ ಕಪ್ಪು ಕಂಡರೂ ತೋರಿಸಬೇಕು. ತಾಯಿಯ ಮೊಲೆತೊಟ್ಟು ಬಿರಿದಿದ್ದರೆ ಅವಳದೇ ರಕ್ತ ಮಗು ನುಂಗಿ ಕಕ್ಕಿರುವುದೂ ಸಾಧ್ಯ, ಅದನ್ನು ಡಾಕ್ಟರಿಗೆ ಹೇಳಿದರೆ ಅವರಿಗೆ ಸುಳಿವು. ಪ್ರತಿ ಸಲವೂ ಚಿಮ್ಮುವುದು, ತೂಕ ನಿಲ್ಲುವುದು, ಹಾಲು ಬೇಡವೆಂದು ಬೆನ್ನು ಸೆಟೆಸಿ ಅಳುವುದು, ಜ್ವರ, ಮಂಕು, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ನೆತ್ತಿ ಗುಳಿಬೀಳುವುದು ಅಥವಾ ಉಬ್ಬುವುದು, ಉಸಿರು ತಡೆಯುವುದು. ಆರು ತಿಂಗಳ ತನಕ ಕಕ್ಕದೇ ಇದ್ದ ಮಗು ಹೊಸದಾಗಿ ಶುರು ಮಾಡಿದರೂ, ವರ್ಷ ದಾಟಿಯೂ ನಿಲ್ಲದಿದ್ದರೂ ತೋರಿಸಬೇಕು. ಇವುಗಳಲ್ಲಿ ಬಟ್ಟೆಯ ಮೇಲೆ ಕಾಣುವಂಥದ್ದು ಬಣ್ಣವೊಂದೇ. ಉಳಿದದ್ದೆಲ್ಲ ಮಗುವಿನ ಮೈಮೇಲಿದೆ.

ಉಳಿದ ಕೆಲಸ

ಇವ್ಯಾವೂ ಇಲ್ಲದೆ ಕಕ್ಕಿಕೊಂಡು ನಗುವ ಮಗುವಿನ ಬಗ್ಗೆ ಮಕ್ಕಳ ಡಾಕ್ಟರುಗಳಲ್ಲಿ ಒಂದು ತಮಾಷೆಯ ಮಾತಿದೆ: ಇದು ವೈದ್ಯಕೀಯ ಸಮಸ್ಯೆಯಲ್ಲ, ಬಟ್ಟೆ ಒಗೆಯುವ ಸಮಸ್ಯೆ. ಹೇಳುವವರು ಬಟ್ಟೆ ಒಗೆಯುವವರಲ್ಲ ಅನ್ನುವುದನ್ನು ಬಿಟ್ಟರೆ ಮಾತು ಸರಿಯಾಗಿಯೇ ಇದೆ. ದಿನಕ್ಕೆ ಐದಾರು ಸಲ ಮೈಬಟ್ಟೆ ಬದಲಿಸುವುದು, ಕತ್ತಿನ ಮಡಿಕೆಯಲ್ಲಿ ಹಾಲು ಕೂತು ಕೆಂಪಾಗದಂತೆ ಒರೆಸಿ ಒಣಗಿಸುವುದು, ಎಲ್ಲಿಗೆ ಹೊರಟರೂ ಹುಳಿವಾಸನೆ ಜೊತೆಗೇ ಬರುವುದು, ಕಪ್ಪು ಬಟ್ಟೆ ಉಡುವುದನ್ನೇ ಬಿಡುವುದು, ಇದೆಲ್ಲ ತಿಂಗಳುಗಟ್ಟಲೆ ನಡೆದರೆ ಮನುಷ್ಯರು ಸೋಲುತ್ತಾರೆ. 'ಏನೂ ಆಗಲ್ಲ' ಎಂದು ಸಮಾಧಾನ ಹೇಳಲು ಬಂದವರು ಒಂದು ಬಕೆಟ್ ಬಟ್ಟೆ ಒಗೆದುಕೊಟ್ಟು ಹೋದರೆ ಆ ಮಾತು ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ.

ಒಗೆಯುವಾಗ ಒಂದು ವಿಷಯ. ಹಾಲಿನ ಕಲೆ ಪ್ರೊಟೀನಿನ ಕಲೆ, ಮೊದಲೇ ಬಿಸಿನೀರು ಹಾಕಿದರೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಗಟ್ಟಿಯಾದದ್ದನ್ನು ಚಮಚದ ಅಂಚಿನಿಂದ ಕೆರೆದು, ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಟ್ಟು, ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು. ಫಾರ್ಮುಲಾ ಹಾಲಿನ ಕಲೆ ಎದೆಹಾಲಿನದಕ್ಕಿಂತ ಹಟಮಾರಿ, ಒಣಗಿದ ಮೇಲೆ ಹಳದಿ ತಿರುಗುತ್ತದೆ. ಅದಕ್ಕೆ ಎರಡು ಸಲ ಮಾಡಬೇಕು.